ಯಾರ ಕೈಗೆ ಯಾವ ಗಳ

ಬಸರೀಕಟ್ಟೆಗೂ ಸಮುದ್ರಕ್ಕೂ ನಡುವೆ ಇಡೀ ಪಶ್ಚಿಮ ಘಟ್ಟ ಅಡ್ಡ ನಿಂತಿದೆ. ಜಯಪುರದಿಂದ ಕಳಸದ ಕಡೆ ಹೋಗುವಾಗ ಸಿಗುವ ನಮ್ಮ ಊರಿನಲ್ಲಿ ನೀರು ಅಂದರೆ ಮಳೆ, ಹಳ್ಳ, ತೋಟದ ಬಸಿಗಾಲುವೆ. ಗಾಳಿ ಅಂದರೆ ಅಡಿಕೆ ಮರ ಮುರಿದು ಹಾಕುವ ಆಷಾಢದ ಗಾಳಿ. ಹಲಗೆಯ ಮೇಲೆ ನಿಂತು, ಹಾಯಿ ಹಿಡಿದು, ಗಾಳಿಯ ಜೊತೆ ಓಡುವ ವಿಂಡ್‌ಸರ್ಫಿಂಗ್ ಎಂಬ ಆಟದ ಬಗ್ಗೆ ಇಲ್ಲಿ ಕೂತು ಬರೆಯುವುದು ಸ್ವಲ್ಪ ವಿಚಿತ್ರವೇ. ಆದರೆ ಆ ಆಟದ ಹಾಯಿಯನ್ನು ಎತ್ತಿ ನಿಲ್ಲಿಸುವ ಗಳ ಕಾರ್ಬನ್ ಫೈಬರಿನದು. ನಮ್ಮ ತೋಟಗಳಿಗೆ ಈಚಿನ ವರ್ಷಗಳಲ್ಲಿ ಬಂದಿರುವ ದೋಟಿಯೂ ಕಾರ್ಬನ್ ಫೈಬರಿನದು. ಎರಡನ್ನೂ ಆರಿಸಿಯೇ ತರಬೇಕು. ಅವೆರಡರ ಆಯ್ಕೆಯ ನಡುವೆ ಇರುವ ಒಂದು ವ್ಯತ್ಯಾಸ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ಈ ಜೋಡಿಯನ್ನು ನನಗೆ ಕಾಣಿಸಿದವನು ನೆದರ್ಲೆಂಡ್ಸ್‌ನಲ್ಲಿರುವ ನನ್ನ ದೊಡ್ಡಪ್ಪನ ಮಗ. ಅಲ್ಲಿ ಬಿಡುವಿನ ದಿನಗಳಲ್ಲಿ ಹಾಯಿ ಹಿಡಿಯುವುದು ಅವನ ಹುಚ್ಚು. ದೀಪಾವಳಿಗೆ ಬಂದವನು ನಮ್ಮ ಮನೆಯ ಜಗಲಿಯ ಅಂಚಿಗೆ ಮಲಗಿಸಿದ್ದ ದೋಟಿಯನ್ನು ಎತ್ತಿ ಅಲ್ಲಾಡಿಸಿ, "ಇದರ ಬಾಗು ಎಷ್ಟು?" ಎಂದು ಕೇಳಿದ. ಉದ್ದ ಎಷ್ಟು, ತೂಕ ಎಷ್ಟು, ಬೆಲೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಬಾಗು ಎಷ್ಟು ಎಂದು ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ.

ಅವನ ಆಟದಲ್ಲಿ ಅದೇ ಮೊದಲ ಪ್ರಶ್ನೆಯಂತೆ. ಕ್ಯಾಲಿಫೋರ್ನಿಯಾದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್ 1968ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಈ ಸಾಧನ 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ವರೆಗೆ ಹೋಯಿತು. ಅದರ ಹೊಸತನ ಇದ್ದದ್ದು ಹಾಯಿಯ ಬುಡದಲ್ಲಿ. ದೋಣಿಯಲ್ಲಿ ಕೂವೆಯನ್ನು ಹಗ್ಗಗಳು ಎಳೆದು ನಿಲ್ಲಿಸುತ್ತವೆ. ಇಲ್ಲಿ ಗಳ ಹಲಗೆಗೆ ಎಲ್ಲ ದಿಕ್ಕಿಗೂ ಹೊರಳುವ ಕೀಲಿನಿಂದ ಸೇರಿರುತ್ತದೆ, ಅದನ್ನು ನಿಲ್ಲಿಸುವುದು ಮನುಷ್ಯನ ತೋಳು. ಗಾಳಿಗೂ ಮೈಗೂ ನಡುವೆ ಇರುವುದು ಆ ಗಳವೊಂದೇ.

ಹಾಗಾಗಿ ಅದನ್ನು ಅಳೆಯುವ ಕ್ರಮವೂ ಸೊಗಸಾಗಿದೆ. ಗಳದ ಎರಡೂ ತುದಿಗೆ ಆಧಾರ ಕೊಟ್ಟು ಅಡ್ಡ ಮಲಗಿಸಿ, ನಟ್ಟನಡುವೆ 30 ಕಿಲೋ ತೂಕ ತೂಗುಹಾಕುತ್ತಾರೆ. ನಡು ಎಷ್ಟು ಸೆಂಟಿಮೀಟರ್ ಕೆಳಗಿಳಿಯಿತೋ ಅದರಿಂದ ಗಳದ ಉದ್ದವನ್ನು ಭಾಗಿಸಿದರೆ ಅದರ ಬಿಗಿತದ ಅಂಕಿ ಸಿಗುತ್ತದೆ. 460 ಸೆಂಟಿಮೀಟರ್ ಉದ್ದದ ಗಳ 18 ಸೆಂಟಿಮೀಟರ್ ಚಿಲ್ಲರೆ ಬಾಗಿದರೆ ಅಂಕಿ 25. ಅಷ್ಟಕ್ಕೇ ಮುಗಿಯುವುದಿಲ್ಲ. ಬುಡದ ಕಾಲುಭಾಗದಲ್ಲಿ ಎಷ್ಟು ಬಾಗಿತು, ತುದಿಯ ಕಾಲುಭಾಗದಲ್ಲಿ ಎಷ್ಟು ಎಂದೂ ನೋಡಬೇಕು. ಕೆಲವು ಗಳಗಳ ತುದಿ ಗಟ್ಟಿ, ಕೆಲವುಗಳದ್ದು ಮೆದು, ಕೆಲವು ಉದ್ದಕ್ಕೂ ಒಂದೇ ಹದ. ಹಾಯಿ ಹೊಲಿಯುವವನು ಇಂಥದ್ದೊಂದು ಬಾಗನ್ನು ಮನಸ್ಸಿನಲ್ಲಿಟ್ಟುಕೊಂಡೇ ಬಟ್ಟೆಯ ಅಂಚು ಕತ್ತರಿಸಿರುತ್ತಾನೆ. ಸರಿಯಾದ ಗಳ ತೂರಿಸಿ ಬುಡದ ಹಗ್ಗ ಜಗ್ಗಿದಾಗ ಹಾಯಿಯ ಮೇಲ್ಭಾಗ ಸ್ವಲ್ಪ ಸಡಿಲವಾಗಿ ನಿಲ್ಲುತ್ತದೆ. ಜೋರು ಗಾಳಿ ಬೀಸಿದಾಗ ಆ ಸಡಿಲ ಭಾಗ ತಿರುಚಿಕೊಂಡು ಹೆಚ್ಚಿನ ಗಾಳಿಯನ್ನು ಚೆಲ್ಲಿಬಿಡುತ್ತದೆ, ಮೈಗೆ ಏಟು ಬೀಳುವುದಿಲ್ಲ. ತಪ್ಪು ಗಳ ತೂರಿಸಿದರೆ ಅದೇ ಹಾಯಿ ಗಾಳಿ ಚೆಲ್ಲುವುದನ್ನು ಮರೆತು ಹಿಡಿದವನನ್ನೇ ಎತ್ತಿ ಬಿಸಾಡುತ್ತದೆ. ಶೇಕಡಾ ನೂರು ಕಾರ್ಬನ್ ಇರುವ, ಅಂಗಡಿಯ ಅತಿ ದುಬಾರಿ ಗಳವೂ ತನ್ನದಲ್ಲದ ಹಾಯಿಯಲ್ಲಿ ಕೆಟ್ಟ ಗಳವೇ.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ಕ್ಷೇಮೇಂದ್ರ. ಹನ್ನೊಂದನೆಯ ಶತಮಾನದ ಆ ಕಾಶ್ಮೀರಿ ಲಾಕ್ಷಣಿಕ ಕಾವ್ಯದ ಜೀವವೇ ಔಚಿತ್ಯ ಎಂದ. ಸೊಂಟದ ಡಾಬನ್ನು ಕೊರಳಿಗೆ ಹಾಕಿಕೊಂಡರೆ, ಕೊರಳ ಹಾರವನ್ನು ಸೊಂಟಕ್ಕೆ ಸುತ್ತಿಕೊಂಡರೆ ಒಡವೆಯ ಚಿನ್ನ ಕಮ್ಮಿಯಾಗುವುದಿಲ್ಲ, ಆದರೆ ನೋಡಿದವರು ನಗುತ್ತಾರೆ. ಗುಣ ವಸ್ತುವಿನೊಳಗೆ ಮಾತ್ರ ಇಲ್ಲ, ಅದು ಸೇರುವ ಜಾಗದಲ್ಲೂ ಇದೆ ಎಂಬುದು ಅವನ ಮಾತಿನ ಸಾರ. ನಾವು ದಿನಾ ಬಳಸುವ 'ಯೋಗ್ಯ' ಎಂಬ ಪದದ ಬೇರೂ ಕೂಡಿಸು, ಹೂಡು ಎಂಬ ಅರ್ಥದ ಧಾತುವಿನಲ್ಲೇ ಇದೆ. ಯಾವುದಕ್ಕೆ ಎಂದು ಹೇಳದೆ ಸುಮ್ಮನೆ ಯೋಗ್ಯ, ಅಯೋಗ್ಯ ಎನ್ನುವುದು ನೊಗ ತೋರಿಸದೆ ಎತ್ತಿಗೆ ಬೆಲೆ ಕಟ್ಟಿದ ಹಾಗೆ.

ಕಾವ್ಯಮೀಮಾಂಸೆ ಓದಿದವರಿಗೆ ಇಷ್ಟು ಸಾಕಾಗಬಹುದು. ನನಗೆ ಸಾಕಾಗಲಿಲ್ಲ. ಯಾವುದಕ್ಕೆ ಯಾವುದು ಹೊಂದುತ್ತದೆ ಎಂದು ಕ್ಷೇಮೇಂದ್ರ ಹೇಳುತ್ತಾನೆ. ಹೊಂದಿತೋ ಇಲ್ಲವೋ ಎಂದು ತೀರ್ಮಾನಿಸುವವರು ಯಾರು? ಹಾಯಿಯ ವಿಷಯದಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಗಳ ಆರಿಸುವವನು, ಅದಕ್ಕೆ ದುಡ್ಡು ಕೊಡುವವನು, ಹಿಡಿದು ನಿಲ್ಲುವವನು ಎಲ್ಲ ಒಬ್ಬನೇ. ತಪ್ಪು ಆರಿಸಿದರೆ ನೀರಿಗೆ ಬೀಳುವವನೂ ಅವನೇ. ಆದ್ದರಿಂದ ಅಲ್ಲಿ ಅದು ಬರೀ ತಾಂತ್ರಿಕ ಪ್ರಶ್ನೆ, ಅಂಕಿ ಹೊಂದಿಸಿದರೆ ಮುಗಿಯಿತು. ಅದೇ ಗಳ ನಮ್ಮ ತೋಟಕ್ಕೆ ಬಂದಾಗ ಆರಿಸುವ ಕೈ ಒಂದು, ಎತ್ತುವ ಹೆಗಲು ಇನ್ನೊಂದು. ಅದು ನೀತಿಯ ಪ್ರಶ್ನೆಯಾಗುವುದು ಆ ಅಂತರದಲ್ಲೇ.

ಮೊದಲು ಹೀಗಿರಲಿಲ್ಲ. ನಾನು ಸಣ್ಣವನಿದ್ದಾಗ ದೋಟಿ ಬಿದಿರಿನದಾಗಿತ್ತು, ಅದು ಕೊನೆಗಾರನ ಸ್ವಂತ ಸೊತ್ತಾಗಿತ್ತು. ಕಾಲಿಗೆ ಹಾಕುವ ತಳೆ, ಸೊಂಟದ ಕತ್ತಿ, ಹೆಗಲ ಹಗ್ಗ, ದೋಟಿ ಇವನ್ನು ತೋಟದ ಯಜಮಾನ ಕೊಡುತ್ತಿರಲಿಲ್ಲ, ಮುಟ್ಟುತ್ತಲೂ ಇರಲಿಲ್ಲ. ನಮ್ಮ ಮನೆಗೆ ಬರುತ್ತಿದ್ದ ಕೊನೆಗಾರ ಬಿದಿರು ಆರಿಸುವುದನ್ನು ನೋಡಿದ್ದೇನೆ. ಎಳೆಯ ಗಳ ಕಡಿಯುತ್ತಿರಲಿಲ್ಲ, ಮೂರು ವರ್ಷವಾದರೂ ಬಲಿತಿರಬೇಕು. ಕತ್ತಿಯ ಹಿಂಬದಿಯಿಂದ ತಟ್ಟಿ ಸದ್ದು ಕೇಳುತ್ತಿದ್ದ. ಅಮಾವಾಸ್ಯೆಯ ಆಸುಪಾಸಿನಲ್ಲಿ ಕಡಿದರೆ ಹುಳ ಹಿಡಿಯುವುದಿಲ್ಲ ಎಂಬುದು ಅವನ ನಂಬಿಕೆ. ಕಡಿದದ್ದನ್ನು ಬೆಂಕಿಗೆ ಹಿಡಿದು ಡೊಂಕು ತಿದ್ದಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಡುತ್ತಿದ್ದ. ಸಿದ್ಧವಾದ ಮೇಲೆ ಬುಡ ಹಿಡಿದು ಎತ್ತಿ, ತುದಿಯನ್ನು ಗಾಳಿಯಲ್ಲಿ ಒಮ್ಮೆ ಕುಣಿಸಿ, "ತುದಿ ಮಾತಾಡ್ಬೇಕು ಅಯ್ಯಾ, ಇಲ್ಲಾಂದ್ರೆ ಕೈಗೆ ಏನೂ ಗೊತ್ತಾಗಲ್ಲ" ಅನ್ನುತ್ತಿದ್ದ. ನನ್ನ ಅಣ್ಣ 30 ಕಿಲೋ ತೂಗುಹಾಕಿ ತಿಳಿಯುವುದನ್ನು ಇವನು ಅಂಗೈಯಲ್ಲಿ ತಿಳಿಯುತ್ತಿದ್ದ.

ಆ ಕಾಲ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಬಿದಿರಿನ ದೋಟಿ ಮರ ಹತ್ತುವುದನ್ನು ತಪ್ಪಿಸಲಿಲ್ಲ. ಒಂದು ಮರದ ಮೇಲೆ ಕೂತು ಪಕ್ಕದ ಮರದ ಕೊನೆಯನ್ನು ಎಳೆದುಕೊಳ್ಳಲು ಅದು ಬೇಕಿತ್ತು, ಅಷ್ಟೇ. ಔಷಧಿ ಹೊಡೆಯುವ ಕೆಲಸ ಇನ್ನೂ ಕಷ್ಟದ್ದು. 1910ರ ಹೊತ್ತಿಗೆ ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿದರು, ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಮೈಲುತುತ್ತ ಮತ್ತು ಸುಣ್ಣದ ಆ ನೀಲಿ ನೀರು ಮಲೆನಾಡಿನ ತೋಟಗಳನ್ನು ಉಳಿಸಿತು, ನಿಜ. ಆದರೆ ಅದನ್ನು ಹೊಡೆಯಬೇಕಾದದ್ದು ಮಳೆ ಹಿಡಿಯುವ ಮೊದಲೊಮ್ಮೆ, ಮಳೆಯ ನಡುವಿನ ಬಿಡುವಿನಲ್ಲಿ ಮತ್ತೊಮ್ಮೆ. ಪಾಚಿ ಕಟ್ಟಿದ, ಜಾರುವ ಮರವನ್ನು ಹತ್ತಿ ಹೊಡೆಯಬೇಕು. ತೋಟ ಉಳಿದ ಕಥೆಯೊಳಗೆ ಬಿದ್ದವರ ಕಥೆಯೂ ಇದೆ. ಪ್ರತಿ ಊರಿನಲ್ಲೂ ಅಂಥದ್ದೊಂದು ಮನೆ ಇರುತ್ತದೆ. ಕೊನೆಗಾರರ ಮಕ್ಕಳು ಮರ ಹತ್ತುವುದಿಲ್ಲ ಎಂದು ತೋಟದವರು ಗೊಣಗುವುದನ್ನು ಕೇಳಿದಾಗ, ನಿಮ್ಮ ಮಕ್ಕಳು ಯಾಕೆ ಹತ್ತುತ್ತಿಲ್ಲ ಎಂದು ಕೇಳುವ ಮನಸ್ಸಾಗುತ್ತದೆ. ನಾನೂ ಹತ್ತಿದವನಲ್ಲ.

ಹಾಗಾಗಿ ನೆಲದ ಮೇಲೆ ನಿಂತು 60 ಅಡಿ ಮೇಲಿನ ಕೊನೆ ಕೊಯ್ಯಬಹುದಾದ ಗಳ ಬಂತು ಎಂದರೆ ಸಣ್ಣ ಮಾತಲ್ಲ. ಅದು ಎಷ್ಟು ದೊಡ್ಡ ಮಾತು ಎಂದು ತಿಳಿಯಲು ಒಂದು ಲೆಕ್ಕ ಸಾಕು. ಒಂದೇ ದಪ್ಪದ ಗಳವನ್ನು ಬುಡದಲ್ಲಿ ಬಿಗಿ ಹಿಡಿದು ಅಡ್ಡಕ್ಕೆ ಚಾಚಿದರೆ, ಉದ್ದ ಎರಡು ಪಟ್ಟಾದಾಗ ತುದಿಯ ಜೋತು 16 ಪಟ್ಟಾಗುತ್ತದೆ. ತನ್ನ ಭಾರಕ್ಕೆ ತಾನೇ ಬಗ್ಗುವುದು ಉದ್ದನೆಯ ಗಳದ ಹಣೆಬರಹ. ಬಿದಿರು ಅಲ್ಲೇ ಸೋತದ್ದು. ಅಲ್ಯೂಮಿನಿಯಂ ಸ್ವಲ್ಪ ದೂರ ಹೋಯಿತು. ಕಾರ್ಬನ್ ಹಗುರ, ಬಿಗಿ. ಹಾಗೆಂದು ಅದರ ಬಾಗು ಹೋಗಲಿಲ್ಲ. ಗಾಳಿಯಿರುವ ದಿನ ತುದಿ ಕುಣಿಯುತ್ತದೆ, ಕುಣಿತ ನಿಲ್ಲಿಸಲು ಕತ್ತು, ಹೆಗಲು, ನಡು ಮೂರೂ ದುಡಿಯಬೇಕು. ನಮ್ಮಲ್ಲಿ ಹಸಿ ಅಡಿಕೆ ಕೊಯ್ಯುವುದು ಹದ ನೋಡಿ. ಬಲಿತದ್ದೆಷ್ಟು ಎಂದು ಬಿಸಿಲಿಗೆ ಮುಖ ಎತ್ತಿ ಕೆಳಗಿನಿಂದಲೇ ಅಂದಾಜಿಸಬೇಕು. ಮರದ ಮೇಲಿನ ಅಪಾಯ ಕೆಳಗಿಳಿದು ಕತ್ತಿನ ನೋವಾಗಿದೆ. ಇದು ಒಳ್ಳೆಯ ವ್ಯಾಪಾರವೇ, ನಾನು ಒಪ್ಪುತ್ತೇನೆ. ಆದರೆ ವ್ಯಾಪಾರ ಕುದುರಿಸುವಾಗ ಕತ್ತಿನ ಒಡೆಯ ಎಲ್ಲಿದ್ದ?

ಹೊಸ ದೋಟಿ ಕೂಲಿಯ ದುಡ್ಡಿಗೆ ನಿಲುಕುವುದಲ್ಲ. ಆದ್ದರಿಂದ ಕೊಳ್ಳುವವನು ತೋಟದವನು. ದೋಟಿ ತೋಟದವನ ಮನೆಯಲ್ಲಿರುತ್ತದೆ, ಕೊಯ್ಲಿನ ದಿನ ಕೊಟ್ಟು ಸಂಜೆ ವಾಪಸ್ ಪಡೆಯುತ್ತಾರೆ. ನಾನು ನೋಡಿದ ಒಂದು ಪ್ರದರ್ಶನದಲ್ಲಿ ಮಾರುವವನ ಸುತ್ತ ಇಪ್ಪತ್ತು ಜನ ತೋಟದವರು ನಿಂತಿದ್ದರು. ಎಷ್ಟು ಅಡಿ, ಸಬ್ಸಿಡಿ ಸಿಗುತ್ತದಾ, ಮುರಿದರೆ ಬಿಡಿಭಾಗ ಕೊಡ್ತೀರಾ, ಎಲ್ಲ ನ್ಯಾಯವಾದ ಪ್ರಶ್ನೆಗಳೇ. ನಾಳೆ ಅದನ್ನು ಎತ್ತಬೇಕಾದ ಇಬ್ಬರು ಸ್ವಲ್ಪ ದೂರ, ಜೀಪಿಗೆ ಒರಗಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಅವರನ್ನು ಯಾರೂ ದೂರ ನಿಲ್ಲಿಸಿರಲಿಲ್ಲ. ಅದು ತಮ್ಮ ಮಾತಲ್ಲ ಎಂದು ಅವರಿಗೇ ಗೊತ್ತಿತ್ತು. ಬಿದಿರಿನ ದೋಟಿಯ ಜೊತೆ ಕೊನೆಗಾರನ ಕೈಯಿಂದ ಹೋದದ್ದು ಒಂದು ಗಳ ಮಾತ್ರವಲ್ಲ, ಇದು ಸರಿ ಇದು ಸರಿಯಲ್ಲ ಎನ್ನುವ ಅಧಿಕಾರವೂ ಹೋಯಿತು.

ಇದು ಹಳೆಯ ಪ್ರಶ್ನೆ. ಪ್ಲೇಟೋನ 'ಕ್ರಾಟಿಲಸ್' ಸಂವಾದದಲ್ಲಿ ಸಾಕ್ರೆಟಿಸ್ ಹಡಗಿನ ಚುಕ್ಕಾಣಿಯ ಉದಾಹರಣೆ ಕೊಡುತ್ತಾನೆ. ಚುಕ್ಕಾಣಿ ಮಾಡುವವನು ಬಡಗಿ, ಆದರೆ ಅದು ಚೆನ್ನಾಗಿರಬೇಕಾದರೆ ಚುಕ್ಕಾಣಿ ಹಿಡಿಯುವ ನಾವಿಕ ಬಡಗಿಗೆ ಹೇಳಬೇಕು. ಅರಿಸ್ಟಾಟಲ್ ಇನ್ನೊಂದು ಹೆಜ್ಜೆ ಹೋಗಿ, ಮನೆ ಹೇಗಿದೆ ಎಂದು ಕಟ್ಟಿದವನಿಗಿಂತ ವಾಸಿಸುವವನು, ಅಡುಗೆ ಹೇಗಿದೆ ಎಂದು ಮಾಡಿದವನಿಗಿಂತ ಉಂಡವನು ಚೆನ್ನಾಗಿ ಹೇಳಬಲ್ಲ ಎಂದ. ಚೆಂದದ ಮಾತುಗಳು. ಆದರೆ ಇಬ್ಬರೂ ತಯಾರಿಸುವವನನ್ನೂ ಬಳಸುವವನನ್ನೂ ಮಾತ್ರ ನಿಲ್ಲಿಸಿದ್ದಾರೆ. ಕೊಳ್ಳುವವನು ಎಂಬ ಮೂರನೆಯವನು ಚಿತ್ರದಲ್ಲಿಲ್ಲ. ಆ ಹಡಗಿನಲ್ಲಿ ಚುಕ್ಕಾಣಿಯವನ ಜೊತೆ ಹುಟ್ಟು ಹಾಕುವವರೂ ಇದ್ದಿರಬೇಕಲ್ಲ, ಹುಟ್ಟಿನ ಮರದ ಬಗ್ಗೆ ಅವರನ್ನು ಕೇಳುವ ಮಾತು ಆ ಉದಾಹರಣೆಯಲ್ಲಿ ಬರುವುದಿಲ್ಲ.

ಹಡಗಿನ ಮಾತು ಬಂದದ್ದರಿಂದ ಒಂದು ವಿಷಯ ಹೇಳಿಯೇ ಮುಂದೆ ಹೋಗಬೇಕು. ನಮ್ಮ ಘಟ್ಟದ ಕಾಡಿನಲ್ಲಿ ನೆಟ್ಟಗೆ, ಕೊಂಬೆಯಿಲ್ಲದೆ ಬಹಳ ಎತ್ತರ ಏರುವ ಒಂದು ಮರವಿದೆ. ಹೊನ್ನೆಯ ಬಳಗದ್ದು, ಬೊಬ್ಬಿ ಎನ್ನುತ್ತಾರೆ, ಸಿರಪೊನ್ನೆ ಎನ್ನುತ್ತಾರೆ, ಕೂವೆ ಎಂಬ ಹೆಸರೂ ಇದೆ. ಗಂಜಿ ಮಾಡುವ ಕೂವೆಹಿಟ್ಟಿನ ಗಿಡ ಬೇರೆ, ಇದು ಬೇರೆ. ಹಳೆಯ ಕನ್ನಡದಲ್ಲಿ ಕೂವೆ ಎಂದರೆ ಹಡಗಿನ ಹಾಯಿ ಕಟ್ಟುವ ಕಂಬ. ಮರಕ್ಕೆ ಅದರ ಉಪಯೋಗವೇ ಹೆಸರಾಗಿದೆ. ಬ್ರಿಟಿಷರ ಕಾಲದಲ್ಲಿ ಪೂನ್ ಸ್ಪಾರ್ ಎಂಬ ಹೆಸರಿನಲ್ಲಿ ಪಶ್ಚಿಮ ಘಟ್ಟದ ಈ ಮರಗಳು ಹಡಗುಕಟ್ಟೆಗಳಿಗೆ ಹೋದವು. ಅಂದರೆ ಒಂದು ಕಾಲಕ್ಕೆ ಸಮುದ್ರಕ್ಕೆ ಗಳ ಕೊಟ್ಟದ್ದು ಮಲೆನಾಡು, ಈಗ ಸಮುದ್ರದ ಆಟದ ಗಳದಂಥದ್ದೇ ಮಲೆನಾಡಿಗೆ ಬಂದಿದೆ. ಆಗಲೂ ಆ ಕೂವೆಯನ್ನು ಆರಿಸಿದವನು ಬಿರುಗಾಳಿಯಲ್ಲಿ ಅದನ್ನು ಏರಿ ಹಾಯಿ ಮಡಚುವ ಖಲಾಸಿಯಾಗಿರಲಿಲ್ಲ. ಅವನ ಪಾಲಿಗೆ ಅದು ಮೊದಲೇ ನೆಟ್ಟಿದ್ದ ಕಂಬ.

ಇಲ್ಲಿಗೆ ನಿಲ್ಲಿಸಿ, ಹಿಡಿಯುವವನನ್ನು ಕೇಳಿದರೆ ಎಲ್ಲ ಸರಿಹೋಗುತ್ತದೆ ಎಂದುಬಿಡಬಹುದಿತ್ತು. ಹಾಗೆ ಹೇಳಲಾಗದಂತೆ ಮಾಡುವ ಒಂದು ಸಂಗತಿಯಿದೆ, ವಿದ್ಯುತ್ ತಂತಿ. ಅಲ್ಯೂಮಿನಿಯಂ ದೋಟಿ ತಂತಿಗೆ ತಾಗಿ ಸತ್ತವರ ಸುದ್ದಿ ಕರಾವಳಿ ಮಲೆನಾಡಿನ ಪತ್ರಿಕೆ ಓದುವವರಿಗೆ ಹೊಸದಲ್ಲ. ಲೋಹದಲ್ಲಿ ಕರೆಂಟ್ ಹರಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ಕಾರ್ಬನ್ ಫೈಬರ್ ಮಾತ್ರ ನೋಡಲು ಪ್ಲಾಸ್ಟಿಕ್ಕಿನ ಹಾಗೆ. ಕಪ್ಪು ಬಣ್ಣ, ನುಣುಪು, ಹಗುರ, ತಟ್ಟಿದರೆ ಲೋಹದ ಸದ್ದಿಲ್ಲ. ಆದರೆ ಅದರಲ್ಲೂ ಕರೆಂಟ್ ಹರಿಯುತ್ತದೆ. ಗುಡುಗು ಮಿಂಚು ಕಂಡರೆ ಹಾಯಿ ಆಟದವರು ದಡಕ್ಕೆ ಓಡುವುದಕ್ಕೆ ಅದೂ ಒಂದು ಕಾರಣ. ಇದನ್ನು ಅಂಗೈ ಹೇಳಲಾರದು. ಎಷ್ಟು ವರ್ಷ ಬಿದಿರು ಹಿಡಿದರೂ ಈ ತಿಳಿವಳಿಕೆ ಹುಟ್ಟುವುದಿಲ್ಲ. ಒಣಗಿದ ಬಿದಿರು ಹಿಡಿದ ಅಭ್ಯಾಸ ಇಲ್ಲಿ ತಪ್ಪು ಧೈರ್ಯವನ್ನೇ ಕೊಟ್ಟೀತು. ನಮ್ಮ ಮನೆಗೆ ಬಂದ ದೋಟಿಯ ಮೇಲೆ ಕಂಪನಿಯ ಹೆಸರಿತ್ತು, ಉದ್ದವಿತ್ತು, ಇನ್ನೇನೂ ಇರಲಿಲ್ಲ. ಅಣ್ಣನ ಹಾಯಿಯ ಮೇಲೆ ಯಾವ ಉದ್ದದ, ಯಾವ ಬಿಗಿತದ ಗಳ ಹಾಕಬೇಕು ಎಂದು ಅಚ್ಚು ಹಾಕಿರುತ್ತಾರೆ. ಓದುವವನೂ ಹಿಡಿಯುವವನೂ ಒಬ್ಬನೇ ಎಂದು ಅಚ್ಚು ಹಾಕಿದವರಿಗೆ ಗೊತ್ತು.

ಹೀಗೆ ತಿಳಿವಳಿಕೆ ಮೂರು ಕಡೆ ಹಂಚಿಹೋಗಿದೆ. ಕರೆಂಟಿನ ವಿಷಯ ಮಾರುವವನಿಗೆ ಗೊತ್ತು, ತಂತಿ ಎಲ್ಲಿ ಹಾದಿದೆ ಎಂದು ತೋಟದವನಿಗೆ ಗೊತ್ತು, ಗಾಳಿ ಬಂದಾಗ ತುದಿ ಎಷ್ಟು ದೂರ ಹೊಯ್ದಾಡುತ್ತದೆ ಎಂದು ಹಿಡಿಯುವವನಿಗೆ ಮಾತ್ರ ಗೊತ್ತು. ಮೂರೂ ಒಬ್ಬನ ತಲೆಯಲ್ಲಿ ಸೇರದಿದ್ದರೆ ಜೀವ ಹೋಗಬಹುದು. ಸೇರಬೇಕಾದದ್ದು ಯಾರ ತಲೆಯಲ್ಲಿ? ನನ್ನ ಮಟ್ಟಿಗೆ ಇದಕ್ಕೆ ಉತ್ತರ ಸ್ಪಷ್ಟವಿದೆ. ಗಳದ ಬುಡದಲ್ಲಿ ನಿಂತವನ ತಲೆಯಲ್ಲಿ. ಉಳಿದಿಬ್ಬರು ತಮಗೆ ಗೊತ್ತಿರುವುದನ್ನು ಅವನ ಬಳಿ ಹೊತ್ತುಕೊಂಡು ಹೋಗಬೇಕು. ಅವನನ್ನು ಒಪ್ಪಿಸುವುದಕ್ಕಲ್ಲ, ಅವನು ಒಲ್ಲೆ ಎನ್ನುವ ಸಾಧ್ಯತೆಯನ್ನೂ ಇಟ್ಟುಕೊಂಡು. ಒಲ್ಲೆ ಎನ್ನಲು ಜಾಗವಿಲ್ಲದ ಕಡೆ ಕೇಳುವುದು ಬರೀ ಉಪಚಾರ.

ಇದು ಬರೆದಷ್ಟು ಸುಲಭವಲ್ಲ ಎಂದು ಕಳೆದ ಕೊಯ್ಲಿನ ಮುಂಚೆ ಗೊತ್ತಾಯಿತು. ನಮ್ಮ ಹಳೆಯ ತೋಟದ ಮೂಲೆಯಲ್ಲಿ 17 ಮರಗಳು ಉಳಿದವುಗಳಿಗಿಂತ ಬಹಳ ಎತ್ತರ. ಇದ್ದ ದೋಟಿ ಅವಕ್ಕೆ ಮುಟ್ಟುತ್ತಿರಲಿಲ್ಲ. ಇನ್ನೂ ಉದ್ದದ್ದೊಂದನ್ನು ಕೊಳ್ಳುವ ಮಾತಾಯಿತು. ಈ ಸಲ ಅಪ್ಪಯ್ಯ ದೋಟಿ ಹಿಡಿಯುವವನನ್ನೇ ಜೊತೆಗೆ ಕರೆದುಕೊಂಡು ಹೋದರು. ಅವನು ಅದೇ ಹಳೆಯ ಕೊನೆಗಾರನ ತಂಗಿಯ ಮಗ, ನಲವತ್ತರ ಆಸುಪಾಸು. ಮಾರುವವನು ಮೂರು ದಿನ ತೋಟಕ್ಕೆ ಕೊಡಲು ಒಪ್ಪಲಿಲ್ಲ, ಒಂದು ಗಂಟೆ ಹಿಡಿದು ನೋಡಲು ಬಿಟ್ಟ. ಇವನು ಉದ್ದದ್ದನ್ನು ಪೂರ್ತಿ ಎಳೆದು ನಿಲ್ಲಿಸಿ, ನಾಲ್ಕು ಹೆಜ್ಜೆ ನಡೆದು, ಒಂದು ಗಾಳಿ ಬರುವವರೆಗೆ ಕಾದ. ಕಾರ್ಬನ್ನಿನಲ್ಲಿ ಕರೆಂಟ್ ಹರಿಯುವ ವಿಷಯವನ್ನು ನಾನು ಹೇಳಿದೆ, ಮೂಲೆಯ ಮರಗಳಿಂದ ತಂತಿ ಎಷ್ಟು ದೂರ ಎಂದು ಅಪ್ಪಯ್ಯ ಹೇಳಿದರು. ಗಾಳಿ ಬಂತು, ತುದಿ ಹೊಯ್ದಾಡಿತು. ಅವನು ದೋಟಿ ಇಳಿಸಿದ.

"ಇದು ಬೇಡ ಅಯ್ಯಾ. ಇರೋದೇ ಸಾಕು."

"ಆ ಹದಿನೇಳು ಮರ?"

"ಅವನ್ನ ನಾನು ಹತ್ತಿ ತೆಗೀತೀನಿ. ಇಷ್ಟುದ್ದ ಹಿಡ್ಕೊಂಡು ಆ ಲೈನಿನ ಕೆಳಗೆ ನಿಲ್ಲೋದಕ್ಕಿಂತ ಅದೇ ವಾಸಿ."

ಹತ್ತುವುದನ್ನು ತಪ್ಪಿಸಲೆಂದು ಕೊಳ್ಳಹೊರಟ ಗಳ. ಹಿಡಿಯುವವನನ್ನು ಕೇಳಬೇಕು ಎಂದವನು ನಾನು. ಕೇಳಿದ್ದಾಯಿತು, ಅವನಿಗೆ ಎಲ್ಲ ಗೊತ್ತಿತ್ತು, ಅವನು ಹತ್ತುತ್ತೇನೆ ಎಂದ. ಅವನ ಮೈ, ಅವನ ಲೆಕ್ಕ, ಅವನ ತೀರ್ಮಾನ ಎನ್ನಬಹುದು. ಆದರೆ ಅಡಿಕೆ ನಮ್ಮದು. ಅವನು ಹತ್ತುವುದು ನಮ್ಮ ಅಡಿಕೆಗಾಗಿ, ದಿನದ ಕೂಲಿಗಾಗಿ. ಒಲ್ಲೆ ಎನ್ನುವ ಹಕ್ಕು ಅವನಿಗಿದ್ದರೆ, ನೀನು ಹತ್ತುವುದು ನನಗೆ ಬೇಡ ಎನ್ನುವ ಹಕ್ಕು ಅಪ್ಪಯ್ಯನಿಗೂ ಇರಬೇಕಲ್ಲ. ಬರುವ ದಾರಿಯಲ್ಲಿ ಜೀಪಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಜಯಪುರದ ಹತ್ತಿರ ಅಪ್ಪಯ್ಯ, "ಬೇಡ ಮಾರಾಯ, ಅದು ಇದ್ದಲ್ಲಿ ಇರಲಿ" ಅಂದರು. ಅವನು ಹೂಂ ಎಂದನೋ ಇಲ್ಲವೋ ನನಗೆ ಕೇಳಿಸಲಿಲ್ಲ. ಅವನಿಗೆ ಎರಡು ದಿನದ ಕೂಲಿ ತಪ್ಪಿತು ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು.

ಆ ವರ್ಷ ಮೂಲೆಯ 17 ಮರಗಳ ಅಡಿಕೆ ಮರದಲ್ಲೇ ಹಣ್ಣಾಗಿ ಉದುರಿತು. ಅವನೂ ಅವನ ಹೆಂಡತಿಯೂ ವಾರಕ್ಕೊಮ್ಮೆ ಬಂದು ಹೆಕ್ಕಿ ಅಂಗಳಕ್ಕೆ ಹಾಕಿದರು. ಒಣಗಿ ಗೋಟಾದ ಮೇಲೆ ಅಪ್ಪಯ್ಯ ಅದನ್ನು ಉಳಿದ ಅಡಿಕೆಯ ಜೊತೆ ಸೇರಿಸದೆ ಬೇರೆಯೇ ಚೀಲದಲ್ಲಿ ಕಟ್ಟಿಸಿದರು.